ಮಸಿಯಾಗಿದ್ದ ರಾತ್ರಿಗಳು ಕಣ್ಣಿಗೆ ಬಿದ್ದವು

ಕಿಂಗ್ ಹೂ ನಿರ್ದೇಶನದ 'ಎ ಟಚ್ ಆಫ್ ಝೆನ್' ಎಂಬ ತೈವಾನಿನ ಹಳೆಯ ಕತ್ತಿಕಾಳಗದ ಚಿತ್ರವನ್ನು ಕೊನೆಗೂ ದೊಡ್ಡ ಪರದೆಯಲ್ಲಿ ನೋಡಿದೆ, ಅದೂ ನಮ್ಮ ಚಿಕ್ಕಮಗಳೂರಿನಲ್ಲೇ. ಸಿನಿಮಾ ಹುಚ್ಚಿನ ಗೆಳೆಯರು ದುಡ್ಡು ಕೂಡಿಸಿ ಭಾನುವಾರದ ಬೆಳಗಿನ ಆಟಕ್ಕೆ ಥಿಯೇಟರ್ ಹಿಡಿದಿದ್ದರು. ಹೊರಗೆ ಬಿಡದ ಮಳೆ. ಕೊಪ್ಪದಿಂದ ಬಂದಿದ್ದ ಚಿಕ್ಕಪ್ಪನನ್ನೂ ಕರೆದುಕೊಂಡು ಹೋದೆ.

ಕಾಲೇಜಿನ ದಿನಗಳಲ್ಲಿ ಈ ಚಿತ್ರದ ಸಿ.ಡಿ. ಕೈಯಿಂದ ಕೈಗೆ ದಾಟಿ ನನ್ನ ಹತ್ತಿರ ಬಂದಿತ್ತು. ಅಗಲದ ಚಿತ್ರವನ್ನು ಟಿ.ವಿ. ಅಳತೆಗೆ ಕತ್ತರಿಸಿದ್ದರು. ಕತ್ತಿ ಕಾಣುತ್ತಿತ್ತು, ಹಿಡಿದವರು ಕಾಣುತ್ತಿರಲಿಲ್ಲ. ರಾತ್ರಿಯ ದೃಶ್ಯಗಳೆಲ್ಲ ಬರೀ ಮಸಿ. ಈ ಚಿತ್ರದಲ್ಲಿ ಮುಖ್ಯವಾದದ್ದು ಬಹುಪಾಲು ನಡೆಯುವುದು ರಾತ್ರಿಯಲ್ಲೇ, ಪಾಳುಬಿದ್ದ ಕೋಟೆಮನೆಯಲ್ಲಿ, ಎದೆಮಟ್ಟ ಬೆಳೆದ ಹುಲ್ಲಿನ ನಡುವೆ. ಮೂಲ ನೆಗೆಟಿವ್‌ನಿಂದ 4ಕೆ ಎಂಬ ಅತಿ ಸ್ಪಷ್ಟ ಗುಣಮಟ್ಟದಲ್ಲಿ ಇದನ್ನು ಮರಳಿ ಸಿದ್ಧಪಡಿಸಿದ್ದು ಇಟಲಿಯ ಬೊಲೊನ್ಯಾದ ಪ್ರಯೋಗಾಲಯದಲ್ಲಿ. ಖರ್ಚಿಗೆ ನಿಂತವರು ಚಿತ್ರದ ನಾಯಕಿ ಶೂ ಫೆಂಗ್ ಅವರೇ. ತಾನು ನಟಿಸಿದ ಸಿನಿಮಾವನ್ನು ಹೀಗೆ ಕಾಪಾಡಿದ ಆ ಹೆಣ್ಣುಮಗಳಿಗೆ ಕೈ ಮುಗಿಯಬೇಕು. ಈಗ ಆ ಕತ್ತಲಿನಲ್ಲಿ ಹುಲ್ಲಿನ ಒಂದೊಂದು ತೆನೆಯೂ ಕಾಣುತ್ತದೆ, ಮೊದಲಿಗೇ ಬರುವ ಜೇಡರ ಬಲೆಯ ಎಳೆಗಳೂ ಕಾಣುತ್ತವೆ.

ಮೊದಲ ಕಾಳಗಕ್ಕೆ ಒಂದು ಗಂಟೆಯ ಹತ್ತಿರ ಕಾಯಬೇಕು. ಅಲ್ಲಿಯವರೆಗೆ ಬಡ ಚಿತ್ರಕಾರ ಗೂ, ಮದುವೆಯಾಗು, ಪರೀಕ್ಷೆ ಕಟ್ಟು ಎಂದು ಕಾಡುವ ಅವನ ತಾಯಿ, ಪಕ್ಕದ ಮನೆಗೆ ಬಂದ ನಿಗೂಢ ಹೆಣ್ಣು ಯಾಂಗ್, ಇಷ್ಟೇ. ಆ ನಿಧಾನವೇ ನನಗೆ ಪ್ರಾಣ. ಯಾರನ್ನು ನಂಬಬೇಕು ಎಂಬ ಅಂಜಿಕೆ ಗೂಗೆ ಹುಟ್ಟುವ ಹೊತ್ತಿಗೆ ನಮಗೂ ಹುಟ್ಟಿರುತ್ತದೆ.

ಚಿಕ್ಕಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಸಬ್‌ಟೈಟಲನ್ನು ಕಿವಿಯಲ್ಲಿ ಪಿಸುಗುಡುತ್ತಿದ್ದೆ. ಸ್ವಲ್ಪ ಹೊತ್ತಿಗೆ, "ಸುಮ್ನೆ ಕೂರೋ ಮಾರಾಯ, ನಂಗೆ ತಿಳೀತಾ ಇದೆ" ಅಂದರು. ತಿಳಿಯದೆ ಏನು! ವರ್ಷಗಟ್ಟಲೆ ಇಡೀ ರಾತ್ರಿ ಯಕ್ಷಗಾನ ನೋಡಿದ ಕಣ್ಣು ಅವರದು. ಕಿಂಗ್ ಹೂ ಚೀನಾದ ಹಾಡು-ಕುಣಿತದ ರಂಗಕಲೆ ಪೀಕಿಂಗ್ ಆಪೆರಾದ ಒಲವಿನಲ್ಲಿ ಬೆಳೆದವರು, ಸಾಹಸ ಸಂಯೋಜಿಸಿದ ಹಾನ್ ಯಿಂಗ್‌ಚಿಯೆ ಆ ರಂಗದಲ್ಲೇ ಪಳಗಿದವರು. ಹೆಜ್ಜೆಗೆ ಸರಿಯಾಗಿ ತಾಳ ಬೀಳುವುದು, ಹೊಡೆಯುವ ಮುಂಚೆ ಒಂದು ಕ್ಷಣ ನಿಲ್ಲುವುದು, ಎಲ್ಲ ಚೆಂಡೆಯ ಪೆಟ್ಟಿಗೆ ವೇಷ ತಿರುಗಿದ ಹಾಗೆಯೇ ಇದೆ.

ಬಿದಿರುಮೆಳೆಯ ಕಾಳಗದ ಬಗ್ಗೆ ಎಷ್ಟು ಬರೆದರೂ ಸಾಲದು. ಹತ್ತು ನಿಮಿಷದಷ್ಟು ಬರುವ ಅದನ್ನು ಚಿತ್ರಿಸಲು 25 ದಿನ ಹಿಡಿದಿತ್ತಂತೆ. ಟ್ರ್ಯಾಂಪೊಲಿನ್ ಎಂಬ ಪುಟಿಸುವ ಹಾಸಿನ ಮೇಲಿಂದ ನೆಗೆಯುವುದನ್ನು ಚೂರುಚೂರಾಗಿ ತೋರಿಸುತ್ತಾರೆ, ನೆಗೆತ ಪೂರ್ತಿ ಕಾಣುವ ಮೊದಲೇ ದೃಶ್ಯ ಬದಲಾಗಿಬಿಡುತ್ತದೆ. ಉಳಿದದ್ದನ್ನು ಕಟ್ಟಿಕೊಳ್ಳುವುದು ನಮ್ಮ ಕಣ್ಣು. ಯಾಂಗ್ ಮೇಲಿನಿಂದ ಕತ್ತಿ ಮುಂದೆ ಮಾಡಿ ಎರಗಿದಾಗ ಥಿಯೇಟರಿನಲ್ಲಿ ಯಾರೂ ಸಿಳ್ಳೆ ಹಾಕಲಿಲ್ಲ, ಉಸಿರು ಹಿಡಿದಿದ್ದರು. ಇಂದಿನ ಗ್ರಾಫಿಕ್ಸ್ ಹೊಡೆದಾಟದಲ್ಲಿ ಎಲ್ಲವನ್ನೂ ಕಣ್ಣಿಗೇ ಸುರಿಯುತ್ತಾರೆ. ನನ್ನ ಮಟ್ಟಿಗೆ ಅದರಲ್ಲಿ ಇಷ್ಟು ರೋಮಾಂಚನವಿಲ್ಲ.

ಆದರೂ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಬೇರೆ ದೃಶ್ಯ. ದೆವ್ವದ ಭಯ ಹುಟ್ಟಿಸಿ ಯಾಂಗಳ ಬೆನ್ನು ಹತ್ತಿ ಬಂದ ಶತ್ರುಗಳನ್ನು ಕೆಡಹುವ ಉಪಾಯ ಗೂನದೇ. ಬೆಳಕು ಹರಿದಾಗ ತನ್ನ ಯಂತ್ರ, ಬೊಂಬೆಗಳನ್ನು ನೋಡುತ್ತ ಬಿದ್ದುಬಿದ್ದು ನಗುತ್ತಾನೆ. ನಗುತ್ತಲೇ ನಡೆದು ಹೆಣಗಳ ರಾಶಿಯ ಮುಂದೆ ಬಂದು ನಿಲ್ಲುತ್ತಾನೆ. ಸಿ.ಡಿ.ಯಲ್ಲಿ ಈ ಜಾಗದ ಆಳ ನನಗೆ ಗೊತ್ತೇ ಆಗಿರಲಿಲ್ಲ, ಏಕೆಂದರೆ ಅದರ ಹಿಂದಿನ ರಾತ್ರಿಯನ್ನೇ ನಾನು ಕಂಡಿರಲಿಲ್ಲ. ರಾತ್ರಿ ಕಾಣದಿದ್ದರೆ ಆ ಬೆಳಗು ಅಷ್ಟು ಭಯಂಕರವಾಗುವುದಿಲ್ಲ.

ಕೊನೆಯ ಭಾಗದ ಕತೆ ಇಲ್ಲಿ ಹೇಳುವುದಿಲ್ಲ. 1975ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತಾಂತ್ರಿಕ ಬಹುಮಾನ ಪಡೆದ ಚಿತ್ರವಿದು, ಸುಮಾರು ಮೂರು ಗಂಟೆ ಹಿಡಿಯುತ್ತದೆ. ಊಟ ಮಾಡಿಯೇ ಕೂತುಕೊಳ್ಳಿ.

ಇದೇ ನಿರ್ದೇಶಕರ 1967ರ 'ಡ್ರ್ಯಾಗನ್ ಇನ್' ಕೂಡ ಹೀಗೆಯೇ ಮರುಜೀವ ಪಡೆದಿದೆ. ಅದನ್ನು ತರಿಸೋಣ ಎಂದು ಗೆಳೆಯರಿಗೆ ಹೇಳಿದ್ದೇನೆ. ನನ್ನ ಪಾಲಿನ ದುಡ್ಡು ಆಗಲೇ ಕೊಟ್ಟಾಯಿತು. ಚಿಕ್ಕಪ್ಪ ತಮ್ಮದನ್ನೂ ಸೇರಿಸಿದ್ದಾರೆ. ಮೂಡಿಗೆರೆ, ಕಡೂರು, ಶೃಂಗೇರಿ ಕಡೆಯವರು ಯಾರಾದರೂ ಬರುವುದಾದರೆ ತಿಳಿಸಿ, ಸೀಟು ಹಿಡಿಯುತ್ತೇನೆ.