ಮುಂಗಡದಿಂದ ನೋಂದಣಿವರೆಗೆ: ಶಿವಮೊಗ್ಗದಲ್ಲಿ ಮನೆ ಮಾರಲು ಎಷ್ಟು ದಿನ ಹಿಡಿಯುತ್ತದೆ

ಮನೆ ಮಾರುವ ಮಾತು ಕುದುರಿದ ಮೇಲೆ ಬರುವ ಮೊದಲ ಪ್ರಶ್ನೆ: 'ಅಗ್ರಿಮೆಂಟ್‌ಗೆ ಎಷ್ಟು ತಿಂಗಳು ಹಾಕೋಣ?' ಉತ್ತರ ಎಲ್ಲ ಕಡೆಯೂ ಒಂದೇ: 'ಮೂರು ತಿಂಗಳು ಹಾಕಿಬಿಡಿ.' ಈ ಮೂರು ತಿಂಗಳು ಯಾವ ಕಾಯ್ದೆಯಿಂದಲೂ ಬಂದದ್ದಲ್ಲ, ನಿಮ್ಮ ಮನೆಯ ಕಾಗದ ನೋಡಿ ಲೆಕ್ಕ ಹಾಕಿದ್ದೂ ಅಲ್ಲ. ಬರೀ ರೂಢಿ. ವಿನೋಬನಗರದಲ್ಲಿ ಒಬ್ಬರದೇ ಹೆಸರಿನಲ್ಲಿರುವ, ಸಾಲವಿಲ್ಲದ, ಇ-ಖಾತೆ (ಪಾಲಿಕೆಯ ಗಣಕೀಕೃತ ಸ್ವತ್ತಿನ ದಾಖಲೆ) ಆಗಿರುವ ಮನೆಗೆ, ಗಿರಾಕಿಯ ಕೈಯಲ್ಲಿ ಹಣವಿದ್ದರೆ, ಒಂದು ತಿಂಗಳು ಧಾರಾಳವಾಯಿತು. ಅಜ್ಜನ ಹೆಸರಿನಲ್ಲೇ ಉಳಿದಿರುವ ತೀರ್ಥಹಳ್ಳಿ ಕಡೆಯ ಹಳೇ ಮನೆಗೆ ಆರು ತಿಂಗಳೂ ಸಾಲದೇ ಹೋಗಬಹುದು. ಮುಂಗಡ ತೆಗೆದುಕೊಂಡ ಮೇಲೆ ಕಾಗದ ಹುಡುಕಲು ಹೊರಟರೆ ವಾಯಿದೆಯೆಲ್ಲ ಅಲ್ಲೇ ಕರಗುತ್ತದೆ. ಆದ್ದರಿಂದ ಮೊದಲು ಕಾಗದ, ಆಮೇಲೆ ಬೋರ್ಡು, ಕೊನೆಗೆ ಮುಂಗಡ. ಈ ಕ್ರಮ ತಪ್ಪಿಸಬೇಡಿ.

ಕರಾರುಪತ್ರವೇ ಬೇರೆ, ಕ್ರಯಪತ್ರವೇ ಬೇರೆ. ಕರಾರು ಎಂದರೆ 'ಇಷ್ಟು ದಿನದೊಳಗೆ ಇಷ್ಟಕ್ಕೆ ಮಾರುತ್ತೇನೆ' ಎಂಬ ಒಪ್ಪಂದ ಅಷ್ಟೇ. ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಅದರಿಂದ ಮನೆಯ ಹಕ್ಕು ಕೊಳ್ಳುವವರಿಗೆ ಬರುವುದಿಲ್ಲ. ಹಕ್ಕು ಹೋಗುವುದು ಉಪನೋಂದಣಾಧಿಕಾರಿ ಮುಂದೆ ಶುದ್ಧ ಕ್ರಯಪತ್ರ ನೋಂದಣಿಯಾದಾಗಲೇ. ಹಾಗೆಂದು ಕರಾರನ್ನು ಹಗುರವಾಗಿ ನೋಡುವಂತಿಲ್ಲ. ಅದರಲ್ಲಿ ಬರೆದ ದಿನಾಂಕ ದಾಟಿದರೂ ಮೂರು ವರ್ಷದೊಳಗೆ ಕೊಳ್ಳುವವರು ಕ್ರಯ ಮಾಡಿಸಿಕೊಡಿ ಎಂದು ದಾವೆ ಹೂಡಬಹುದು. ದಾವೆ ಬಿದ್ದ ಮನೆಯನ್ನು ಕೊಳ್ಳಲು ಬೇರೆಯವರು ಮುಂದೆ ಬರುವುದಿಲ್ಲ.

ಕಾಗದ ಸರಿಯಾಗಿದ್ದಾಗ ಕೆಲಸ ಹೀಗೆ ನಡೆಯುತ್ತದೆ. ಕೊಳ್ಳುವವರ ವಕೀಲರು ಮೂಲಪತ್ರ, ಇಸಿ (ಸ್ವತ್ತಿನ ಮೇಲಿನ ಕ್ರಯ, ಸಾಲಗಳ ವಿವರವಿರುವ ಋಣಭಾರ ಪತ್ರ), ಇ-ಖಾತೆ, ಕಂದಾಯ ರಸೀದಿ ನೋಡಲು ಒಂದು ವಾರ. ಬ್ಯಾಂಕ್ ಸಾಲದ ಮೇಲೆ ಕೊಳ್ಳುವುದಾದರೆ ಬ್ಯಾಂಕಿನ ವಕೀಲರ ಅಭಿಪ್ರಾಯ, ಇಂಜಿನಿಯರ್ ಬೆಲೆ ಕಟ್ಟುವುದು, ಮಂಜೂರಾತಿ ಸೇರಿ ಇನ್ನು 15ರಿಂದ 30 ದಿನ. ಕ್ರಯಪತ್ರದ ಕರಡು ಬರೆಸಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಏರಿಸಿ, ಕಚೇರಿಯವರು ಪರಿಶೀಲಿಸಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಳ್ಳಲು ಒಂದು ವಾರ ಇಟ್ಟುಕೊಳ್ಳಿ. ನಡುವೆ ಕಾಯುವ ದಿನಗಳೂ ಸೇರಿ, ಕೈಯಲ್ಲಿ ಹಣವಿರುವ ಗಿರಾಕಿಯಾದರೆ ಮೂರು ವಾರ, ಸಾಲದ ಗಿರಾಕಿಯಾದರೆ ಆರರಿಂದ ಎಂಟು ವಾರ. ಇದಕ್ಕಿಂತ ಹೆಚ್ಚು ದಿನ ಹಿಡಿದರೆ ಎಲ್ಲೋ ಒಂದು ಕಾಗದ ಸಿಕ್ಕಿಕೊಂಡಿದೆ ಎಂದು ತಿಳಿಯಿರಿ.

ಈಗ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇ-ಖಾತೆಯಲ್ಲಿ. 2024ರ ಅಕ್ಟೋಬರ್‌ನಿಂದ ನಗರದ ಸ್ವತ್ತಿಗೂ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ಹಳ್ಳಿಗಳಲ್ಲಿ ಪಂಚಾಯಿತಿಯ ಇ-ಸ್ವತ್ತು ದಾಖಲೆ ಅದಕ್ಕೂ ಮೊದಲೇ ಬಂದಿತ್ತು. ಹಳೇ ಕೈಬರಹದ ಖಾತೆ, ಕಂದಾಯ ಕಟ್ಟಿದ ಚೀಟಿ ಎರಡೂ ಇದ್ದರೂ ಕಾವೇರಿ ಅದನ್ನು ಒಪ್ಪುವುದಿಲ್ಲ. ಪಾಲಿಕೆಯಲ್ಲಿ ಅರ್ಜಿ ಕೊಡುವಾಗ ನೋಂದಾಯಿತ ಪತ್ರ, ಇಸಿ, ಪ್ರಸಕ್ತ ಸಾಲಿನ ಕಂದಾಯ ರಸೀದಿ, ಮೆಸ್ಕಾಂ ಬಿಲ್ಲು, ಮಾಲೀಕರ ಗುರುತಿನ ಚೀಟಿ ಮತ್ತು ಫೋಟೊ, ಮನೆಯ ಮುಂಭಾಗದ ಫೋಟೊ ಜೊತೆಗಿಟ್ಟುಕೊಳ್ಳಿ. ಅರ್ಜಿ ವಾಪಸು ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು ಹೆಸರು: ಪತ್ರದಲ್ಲಿ 'ನಾಗರಾಜಪ್ಪ', ಆಧಾರ್‌ನಲ್ಲಿ 'ನಾಗರಾಜ್ ಕೆ', ಖಾತೆಯಲ್ಲಿ ಬರೀ 'ನಾಗರಾಜ'. ಮೂರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಬೇಕಾಗುತ್ತದೆ. ಇನ್ನೊಂದು ಅಳತೆ ಮತ್ತು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ.

ಈ ಚಕ್ಕುಬಂದಿಯನ್ನು ಪತ್ರ ಕೈಯಲ್ಲಿ ಹಿಡಿದು, ಮನೆಯ ಸುತ್ತ ಒಂದು ಸಾರಿ ನಡೆದೇ ನೋಡಬೇಕು. 40 ವರ್ಷದ ಹಿಂದಿನ ಪತ್ರದಲ್ಲಿ 'ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಹಿತ್ತಲು, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಖಾಲಿ ನಿವೇಶನ' ಎಂದಿರುತ್ತದೆ. ಇವತ್ತು ಆ ಖಾಲಿ ನಿವೇಶನದಲ್ಲಿ ಮೂರಂತಸ್ತಿನ ಮನೆ ಎದ್ದಿದೆ, ಹಿತ್ತಲಿನವರು ತೀರಿಕೊಂಡು ಮಕ್ಕಳು ಪಾಲಾಗಿದ್ದಾರೆ, ಓಣಿಯ ಅರ್ಧವನ್ನು ಯಾರೋ ಕಾಂಪೌಂಡ್ ಒಳಗೆ ಸೇರಿಸಿಕೊಂಡಿದ್ದಾರೆ. ಪತ್ರದಲ್ಲಿ 30 ಅಡಿ, 40 ಅಡಿ. ಟೇಪು ಹಿಡಿದರೆ ಮುಂದೆ ಇಪ್ಪತ್ತೊಂಬತ್ತೂವರೆ, ಹಿಂದೆ 31. ಕರಡಿನಲ್ಲಿ ಹಳೇ ಚಕ್ಕುಬಂದಿಯನ್ನೇ ಇಳಿಸಿದರೆ ಇ-ಖಾತೆಗೆ ತಾಳೆಯಾಗುವುದಿಲ್ಲ. ಹೊಸದನ್ನಷ್ಟೇ ಬರೆದರೆ ಮೂಲಪತ್ರಕ್ಕೆ ಕೊಂಡಿ ತಪ್ಪುತ್ತದೆ. 'ಮೊದಲು ಹೀಗಿದ್ದು, ಈಗ ಹೀಗಿದೆ' ಎಂದು ಎರಡನ್ನೂ ಬರೆಸುವುದೇ ಸರಿ. ಇದನ್ನು ಮನೆ ತೋರಿಸುವ ಮೊದಲೇ ಮಾಡಿಕೊಂಡರೆ ಎಷ್ಟೋ ದಿನ ಉಳಿಯುತ್ತದೆ.

ಇಸಿ ವಿಷಯದಲ್ಲಿ ಒಂದು ಗೆರೆ ನೆನಪಿಡಿ: 1-4-2004. ಅಲ್ಲಿಂದ ಈಚಿನದು ಕಾವೇರಿಯಲ್ಲಿ ಮನೆಯಲ್ಲೇ ಕೂತು ಸಿಗುತ್ತದೆ. ಅದರ ಹಿಂದಿನದನ್ನು ಕಚೇರಿಯ ಪುಸ್ತಕಗಳಲ್ಲಿ ಹುಡುಕಿಸಬೇಕು. ಬ್ಯಾಂಕಿನ ವಕೀಲರು 30 ವರ್ಷದ ಇಸಿ ಕೇಳಿದರೆ ಎರಡನ್ನೂ ಕೊಡಬೇಕು. ಹುಡುಕಿಸುವ ಅರ್ಜಿ ಮೊದಲು ಹಾಕಿ.

ಇನ್ನು ಹಿರಿಯರ ಸ್ವತ್ತು. ನಮ್ಮ ಕಡೆ ಮನೆ ಮಾರಾಟ ನಿಲ್ಲುವುದು ಹೆಚ್ಚಾಗಿ ಇಲ್ಲೇ. ಅಪ್ಪ ತೀರಿಕೊಂಡು, ಮನೆಯಲ್ಲಿರುವ ತಮ್ಮ ಮಾರಲು ಹೊರಟಿದ್ದಾರೆ, ಅಕ್ಕಂದಿರು ಸಾಗರಕ್ಕೋ ಸೊರಬಕ್ಕೋ ಮದುವೆಯಾಗಿ ಹೋಗಿದ್ದಾರೆ. 'ಅಕ್ಕಂದಿರು ಬೇಡ ಅಂದಿದ್ದಾರೆ' ಎಂಬ ಬಾಯಿಮಾತು ನೋಂದಣಿಗೆ ಸಾಲದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು. ಅಪ್ಪ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಮಾಡಿಸಿ, ಖಾತೆ ವಾರಸುದಾರರ ಹೆಸರಿಗೆ ತಂದು, ಆಮೇಲೆ ಅಕ್ಕಂದಿರು ಒಂದೋ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಕೊಡಬೇಕು, ಇಲ್ಲವೇ ಕ್ರಯಪತ್ರಕ್ಕೆ ತಾವೂ ಮಾರುವವರಾಗಿ ಸಹಿ ಹಾಕಬೇಕು. ನನ್ನ ಮಟ್ಟಿಗೆ ಎರಡನೆಯದೇ ಲೇಸು: ಒಂದೇ ದಿನದ ಕೆಲಸ, ಅವರ ಪಾಲಿನ ಹಣ ಅವರ ಖಾತೆಗೇ ಹೋಗುತ್ತದೆ, ಮನಸ್ತಾಪಕ್ಕೂ ಜಾಗವಿರುವುದಿಲ್ಲ. ಹಿಂದೆ ಮನೆಮಂದಿ ಕೂತು ಬರೆದುಕೊಂಡ ಪಂಚಾಯ್ತಿ ಪಾರೀಖತ್ತು (ಪಾಲುಪಟ್ಟಿ) ಮಾತ್ರ ಇದ್ದು ಅದು ನೋಂದಣಿ ಆಗಿಲ್ಲದಿದ್ದರೆ ಬ್ಯಾಂಕಿನ ವಕೀಲರು ಅಲ್ಲೇ ನಿಲ್ಲಿಸುತ್ತಾರೆ. ಅಪ್ರಾಪ್ತ ಮಗುವಿಗೆ ಪ್ರತ್ಯೇಕವಾಗಿ ಬಂದ ಸ್ವತ್ತಾದರೆ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು. ಅದು ತಿಂಗಳುಗಳ ಮಾತು, ಅದಿಲ್ಲದೆ ಮುಂಗಡ ಮುಟ್ಟಲೇಬೇಡಿ. ವಾರಸುದಾರರೊಬ್ಬರು ಹೊರದೇಶದಲ್ಲಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ ತರಿಸಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಮನೆಯ ಮೇಲೆ ಸಾಲವಿದ್ದರೆ ಮಾರಬಾರದು ಎಂದೇನಿಲ್ಲ. ಕ್ರಮ ಗೊತ್ತಿರಬೇಕು. ಬ್ಯಾಂಕಿನಿಂದ ಬಾಕಿ ಪತ್ರ ಮತ್ತು ಅವರ ಹತ್ತಿರ ಇರುವ ಮೂಲದಾಖಲೆಗಳ ಪಟ್ಟಿ ತೆಗೆದುಕೊಳ್ಳಿ. ಕೊಳ್ಳುವವರ ಹಣದಲ್ಲಿ ಬಾಕಿಯಷ್ಟು ನೇರವಾಗಿ ಸಾಲದ ಖಾತೆಗೆ ಹೋಗಲಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ವಾಪಸು ಕೊಡಬೇಕು, ಅದರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು 2023ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ. ಆದರೂ ಕರಾರಿನಲ್ಲಿ ಆ 30 ದಿನವನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯಿರಿ. ಅಡಮಾನ ನೋಂದಣಿಯಾಗಿದ್ದರೆ ಅದರ ತೀರುವಳಿಯೂ ನೋಂದಣಿಯಾಗಬೇಕು. ಬರೀ 'ಸಾಲ ಬಾಕಿ ಇಲ್ಲ' ಎಂಬ ಪತ್ರ ತಂದರೆ ಇಸಿಯಲ್ಲಿ ಸಾಲ ಹಾಗೇ ಕಾಣಿಸುತ್ತದೆ.

ಭೋಗ್ಯಕ್ಕೆ ಕೊಟ್ಟ ಮನೆಯದ್ದೂ ಸಾಲದ ಹಾಗೇ. ಭೋಗ್ಯದ ಹಣ ಯಾರು, ಯಾವತ್ತು ವಾಪಸು ಕೊಡುತ್ತಾರೆ, ಭೋಗ್ಯದವರು ಯಾವ ದಿನ ಖಾಲಿ ಮಾಡುತ್ತಾರೆ ಎಂಬುದು ಅವರ ಸಹಿಯೊಂದಿಗೆ ಕರಾರಿನ ಜೊತೆಗಿರಲಿ.

ನಗರ ಬಿಟ್ಟು ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿಗಳಿಗೆ ಬಂದರೆ ಕೇಳಬೇಕಾದ ಪ್ರಶ್ನೆಯೇ ಬೇರೆ: ಮನೆ ನಿಂತಿರುವ ನೆಲ ಯಾವುದು? ಗ್ರಾಮಠಾಣವೋ (ಊರಿನ ವಾಸದ ಜಾಗ) ಭೂಪರಿವರ್ತನೆಯಾದ ಜಾಗವೋ ಆದರೆ ಪಂಚಾಯಿತಿಯಿಂದ ನಮೂನೆ 9 ಮತ್ತು 11ಎ ಎಂಬ ಸ್ವತ್ತಿನ ದಾಖಲೆ ಸಿಗುತ್ತದೆ. ಗ್ರಾಮಠಾಣದ ಮನೆಗೆ ಭೂಮಾಪಕರ ನಕ್ಷೆ ಬೇಕು. ಮಳೆಗಾಲದಲ್ಲಿ ಆ ಅರ್ಜಿ ಹಾಕುವವರು ಹೆಚ್ಚು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಸರಪಳಿ ಎಳೆಯುವಷ್ಟು ಹೊಳವು ಸಿಗುವುದೇ ಅಪರೂಪ, ಗಡಿಕಲ್ಲು, ಅಗಳ ಎಲ್ಲ ಜಿಗ್ಗಿನೊಳಗೆ ಮುಚ್ಚಿಹೋಗಿರುತ್ತವೆ. ತೋಟದ ಸರ್ವೆ ನಂಬರಿನಲ್ಲೇ ಮನೆ ಇದ್ದರೆ ಅದು ಕಾಗದದಲ್ಲಿ ಜಮೀನು. ಜಮೀನಾಗಿಯೇ, ಪಹಣಿಯ ಮೇಲೆ ಮಾರಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಆದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಕೊಳ್ಳಬಹುದು, ಆದರೆ ಅದಕ್ಕೆ ಮನೆಸಾಲ ಸಿಗುವುದು ಕಷ್ಟ. ಗಿರಾಕಿ ಸಾಲ ನಂಬಿಕೊಂಡಿದ್ದರೆ ಮೊದಲೇ ಹೇಳಿಬಿಡಿ. ಸಾಲ, ಋಣಗಳನ್ನು ಬರೆಯುವ ಪಹಣಿಯ 11ನೇ ಕಾಲಂ ತೆಗೆದು ನೋಡಿ. ಸೊಸೈಟಿಯ ಬೆಳೆಸಾಲ ತೀರಿ ಎಷ್ಟೋ ವರ್ಷವಾದರೂ ಅಲ್ಲಿ ಹೆಸರು ಕೂತಿರುತ್ತದೆ.

ಮಾರಬಾರದ ನೆಲವೂ ಇದೆ. 94ಸಿ ಅಡಿ (ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡದ್ದನ್ನು ಸಕ್ರಮ ಮಾಡಿ) ಸಿಕ್ಕ ಮನೆ, ಆಶ್ರಯ ನಿವೇಶನ ಇವುಗಳ ಹಕ್ಕುಪತ್ರದಲ್ಲಿರುವ ಪರಭಾರೆ ಷರತ್ತನ್ನು ಅಕ್ಷರ ಅಕ್ಷರ ಓದಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕು, ಇಲ್ಲದೆ ಮಾಡಿದ ಕ್ರಯ ಊರ್ಜಿತವಲ್ಲ. ಶರಾವತಿ ಮುಳುಗಡೆ ಸಂತ್ರಸ್ತರಿಗೆ ತೋರಿಸಿದ ಜಾಗಗಳಲ್ಲಿ ಎಷ್ಟೋ ಇನ್ನೂ ದಾಖಲೆಯಲ್ಲಿ ಅರಣ್ಯವೆಂದೇ ಇವೆ. ಎರಡು ತಲೆಮಾರು ಬಾಳಿದ ಮನೆಯಾದರೂ ಕಾಗದ ಸರಿಯಾಗುವವರೆಗೆ ಮುಂಗಡ ಪಡೆಯುವುದು ಎರಡು ಕುಟುಂಬಗಳನ್ನೂ ಸಂಕಟಕ್ಕೆ ನೂಕಿದಂತೆ. ಸೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅಥವಾ ಗೃಹಮಂಡಳಿ ಹಂಚಿದ ನಿವೇಶನದ ಮನೆಯಾದರೆ ಲೀಸ್-ಕಂ-ಸೇಲ್ (ಮೊದಲು ಗುತ್ತಿಗೆ, ಆಮೇಲೆ ಕ್ರಯ) ಅವಧಿ ಮುಗಿದು, ಶುದ್ಧ ಕ್ರಯಪತ್ರ ನಿಮ್ಮ ಹೆಸರಿಗೆ ಆಗಿರಬೇಕು.

ಇಷ್ಟೆಲ್ಲ ನೋಡಿದ ಮೇಲೆ ಕರಾರು. ಯಾವ ಕಾಗದ ಎಲ್ಲಕ್ಕಿಂತ ತಡವೋ ಅದಕ್ಕೆ ಬೇಕಾದ ದಿನ ಎಣಿಸಿ, 15 ದಿನ ಸೇರಿಸಿ, ಆ ವಾಯಿದೆ ಬರೆಸಿ. ವಾಯಿದೆಯೊಳಗೆ ಆಷಾಢವೋ ಪಿತೃಪಕ್ಷವೋ ಬಂದರೆ ಕೊಳ್ಳುವವರು ಮುಂದೂಡಲು ಕೇಳುತ್ತಾರೆ, ಅದನ್ನೂ ಈಗಲೇ ಮಾತಾಡಿಕೊಳ್ಳಿ. ಸ್ಥಿರಾಸ್ತಿಯ ಕರಾರಿನಲ್ಲಿ ಕಾಲಮಿತಿಯೇ ಮುಖ್ಯ ಎಂದು ಸ್ಪಷ್ಟವಾಗಿ ಬರೆಯದಿದ್ದರೆ ನ್ಯಾಯಾಲಯ ಸಾಮಾನ್ಯವಾಗಿ ಹಾಗೆ ಭಾವಿಸುವುದಿಲ್ಲ. ಮುಂಗಡ ಶೇ 10 ಸಾಕು, ಅದೂ ಚೆಕ್ ಅಥವಾ ಆರ್‌ಟಿಜಿಎಸ್ ಮೂಲಕ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಮುಂಗಡ ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಬೀಳುವುದು ಮಾರುವವರ ಮೇಲೆ. ಮನೆಯ ಕೀಲಿಯನ್ನು ಕರಾರಿನ ದಿನ ಕೊಡಬೇಡಿ. ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ.

ಖರ್ಚು ಕೊಳ್ಳುವವರದ್ದು, ಆದರೂ ಮಾರುವವರಿಗೆ ಲೆಕ್ಕ ಗೊತ್ತಿರಲಿ. ಹಣ ಸಾಲದೆ ನೋಂದಣಿ ಮುಂದೆ ಹೋಗುವುದು ಇದರಿಂದಲೇ. ನಗರದಲ್ಲಿ 60 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6, ಅಂದರೆ 3,36,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2, ಅಂದರೆ 1,20,000. ಒಟ್ಟು 4,56,000. ಹಳೇ ಶೇ 1ರ ಲೆಕ್ಕದಲ್ಲಿ ಬಂದವರಿಗೆ ಕೊನೇ ಗಳಿಗೆಯಲ್ಲಿ 60,000 ಕಡಿಮೆ ಬೀಳುತ್ತದೆ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಅದರ ಮೇಲೆಯೇ ಶುಲ್ಕ. 50 ಲಕ್ಷ ಮತ್ತು ಮೇಲ್ಪಟ್ಟಿದ್ದರೆ ಕೊಳ್ಳುವವರು ಮುಂಗಡವೂ ಸೇರಿ ಪ್ರತಿ ಕಂತಿನಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ, ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ.

ನೋಂದಣಿ ದಿನಕ್ಕೆ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಫೋಟೊ, ಹೆಬ್ಬೆರಳು, ಇಬ್ಬರು ಸಾಕ್ಷಿಗಳು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗೆ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಆಗುತ್ತದೆ. ಸೊರಬದ ಮನೆಯನ್ನು ಶಿವಮೊಗ್ಗದಲ್ಲೇ ನೋಂದಾಯಿಸಬಹುದು, ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ. ಹಣ ಖಾತೆಗೆ ಬಂದದ್ದನ್ನು ನೋಡಿಯೇ ಹೆಬ್ಬೆರಳು ಒತ್ತಿ. ಡಿಡಿ ಆದರೆ ಅದರ ನಂಬರು ಕ್ರಯಪತ್ರದಲ್ಲಿರುವುದಕ್ಕೆ ತಾಳೆಯಾಗಲಿ. ಸಹಿ ಹಾಕಿದ ಪತ್ರವನ್ನು ಅವತ್ತು ಹಾಜರುಪಡಿಸಲಾಗದಿದ್ದರೆ ನಾಲ್ಕು ತಿಂಗಳ ಅವಕಾಶವಿದೆ. ಮುಂದಿನ ನಾಲ್ಕು ತಿಂಗಳಿಗೆ ದಂಡ.

ಹೊರಡುವ ಮೊದಲು ನೋಂದಾಯಿತ ಪತ್ರದ ಒಂದು ಪ್ರತಿ ನಿಮಗೂ ಇಟ್ಟುಕೊಳ್ಳಿ. ಮೆಸ್ಕಾಂ ಆರ್‌ಆರ್ ನಂಬರನ್ನು ಹೊಸಬರ ಹೆಸರಿಗೆ ಬದಲಾಯಿಸಿಕೊಳ್ಳಲು ಅರ್ಜಿ ಅಲ್ಲೇ ಸಹಿ ಮಾಡಿ ಕೊಡಿ. ಮಾರಿದ ಲಾಭಕ್ಕೆ ತೆರಿಗೆ ತಪ್ಪಿಸಲು ಬೇರೆ ಮನೆ ಕೊಳ್ಳುವವರಿಗೆ ಎರಡು ವರ್ಷ, ಕಟ್ಟಿಸುವವರಿಗೆ ಮೂರು ವರ್ಷ ಅವಕಾಶ. ಆ ದಿನಗಳ ಎಣಿಕೆ ಮನೆ ವರ್ಗಾವಣೆಯಾದ ದಿನದಿಂದಲೇ ಶುರು.