ಹುಬ್ಬಳ್ಳಿಯಿಂದ ವಿಜಯಪುರಕ್ಕೆ, ಆರು ಉಂಡೆ ಹತ್ತಿ ನೂಲಿನೊಂದಿಗೆ

ಬ್ಯಾಂಕ್ ಶಾಖೆಗಳ ಲೆಕ್ಕ ತಪಾಸಣೆ ನನ್ನ ಉದ್ಯೋಗ. ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯಿಂದ ವಿಜಯಪುರದವರೆಗೆ ಹತ್ತು ದಿನಗಳ ಕೆಲಸ ಬಿದ್ದಾಗ, ಲ್ಯಾಪ್‌ಟಾಪ್ ಚೀಲದ ಬದಿಯ ಜೇಬಿನಲ್ಲಿ 50 ಗ್ರಾಂ ತೂಕದ ಆರು ಹತ್ತಿ ನೂಲಿನ ಉಂಡೆಗಳನ್ನೂ, 3.5 ಮಿಲಿಮೀಟರ್ ದಪ್ಪದ, ನಡುವೆ ಕೇಬಲ್ ಇರುವ ಬಿದಿರಿನ ಕಡ್ಡಿಯನ್ನೂ ಇಟ್ಟುಕೊಂಡೆ. ಬೇಸಿಗೆಗೆ ಒಂದು ಅರ್ಧ ತೋಳಿನ ಟಾಪ್ ಹೆಣೆಯಬೇಕೆಂಬುದು ಎರಡು ವರ್ಷಗಳ ಆಸೆ. ಮನೆಯಲ್ಲಿ ಅದಕ್ಕೆ ಬಿಡುವಿರುವುದಿಲ್ಲ. ರೈಲಿನಲ್ಲಿಯೂ ಲಾಡ್ಜಿನ ಕೋಣೆಯಲ್ಲಿಯೂ ಧಾರಾಳವಾಗಿ ಇರುತ್ತದೆ.

ರಾತ್ರಿ ರೈಲು ಬೆಂಗಳೂರು ಬಿಟ್ಟ ಮೇಲೆ ಕುತ್ತಿಗೆಗೆ 104 ಕುಣಿಕೆ ಹಾಕಿ ಆರಂಭಿಸಿದೆ. ಇದು ಮೇಲಿನಿಂದ ಕೆಳಕ್ಕೆ ಸುತ್ತುಸುತ್ತಾಗಿ ಹೆಣೆಯುವ ರಾಗ್ಲನ್ ಮಾದರಿ: ಮುಂಭಾಗ, ಹಿಂಭಾಗ ಮತ್ತು ಎರಡು ತೋಳುಗಳು ಸೇರುವ ನಾಲ್ಕು ಗೆರೆಗಳ ಅಕ್ಕಪಕ್ಕದಲ್ಲಿ ಎರಡು ಸುತ್ತಿಗೊಮ್ಮೆ ಒಟ್ಟು ಎಂಟು ಕುಣಿಕೆಗಳನ್ನು ಹೆಚ್ಚಿಸುತ್ತ ಹೋದರೆ 52 ಸುತ್ತುಗಳಲ್ಲಿ ಕಂಕುಳಿನವರೆಗೆ ಬಂದುಬಿಡುತ್ತದೆ. ಕೊನೆಯಲ್ಲಿ ತುಂಡುಗಳನ್ನು ಜೋಡಿಸಿ ಹೊಲಿಯುವ ಗೋಜಿಲ್ಲ, ಬೇಕೆಂದಾಗ ತೊಟ್ಟು ನೋಡಬಹುದು, ಕೈಯಲ್ಲಿ ಒಂದೇ ಕಡ್ಡಿ ಇರುವುದರಿಂದ ಪಕ್ಕದ ಪ್ರಯಾಣಿಕರ ಪಕ್ಕೆಗೆ ತಿವಿಯುವ ಭಯವೂ ಇಲ್ಲ. ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ.

ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದ್ದು, ಜಗತ್ತಿನಲ್ಲೇ ಅತಿ ಉದ್ದದ್ದೆಂದು ಹೆಸರಾಗಿದೆ. ಚೀಲ ಎಳೆದುಕೊಂಡು ಅದರ ಮೇಲೆ ನಡೆಯುವಾಗ ಲೆಕ್ಕ ಹಾಕಿದೆ: ಉಂಡೆಗೆ 125 ಮೀಟರಿನಂತೆ ನನ್ನ ಬಳಿಯಿದ್ದ ನೂಲೆಲ್ಲ ಸೇರಿ 750 ಮೀಟರ್. ಅಂದರೆ ನನ್ನ ಇಡೀ ಟಾಪ್ ಆ ಪ್ಲಾಟ್‌ಫಾರ್ಮಿನ ಅರ್ಧದಷ್ಟು ಮಾತ್ರ. ಹುಬ್ಬಳ್ಳಿಯ ಮೂರು ರಾತ್ರಿಗಳಲ್ಲಿ ಕಂಕುಳು ದಾಟಿ, ತೋಳಿನ ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿಟ್ಟು, ಮೈಭಾಗದ 198 ಕುಣಿಕೆಗಳನ್ನು ಸುತ್ತತೊಡಗಿದೆ.

ವಿಜಯಪುರದ ಕಡೆಗೆ ಹೊರಟ ಹಗಲು ರೈಲಿನಲ್ಲಿ ಗದಗದ ಬಳಿ ಒಬ್ಬ ಅಜ್ಜಿ ಎದುರಿಗೆ ಬಂದು ಕುಳಿತರು. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿ, "ಏನ ತಂಗಿ, ಈ ಬ್ಯಾಸಿಗ್ಯಾಗ ಸ್ವೆಟರ್ ಹೆಣ್ಯಾಕತ್ತೀಯಲ್ಲ?" ಎಂದರು.

"ಇದು ಉಲ್ಲನ್ ಅಲ್ಲ ಅಜ್ಜಿ, ಹತ್ತಿ."

ಅವರು ನಂಬಲಿಲ್ಲ. ನೂಲಿನ ತುದಿಯನ್ನು ಕೇಳಿ ತೆಗೆದುಕೊಂಡು, ಹೆಬ್ಬೆರಳು ತೋರುಬೆರಳುಗಳ ನಡುವೆ ಹುರಿಯನ್ನು ಬಿಚ್ಚಿ, ಒಂದಿಷ್ಟು ಎಳೆಗಳನ್ನು ಮೆಲ್ಲಗೆ ಎಳೆದು ಬೇರೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದರು. "ಎಳಿ ಭಾಳ ಉದ್ದ ಐತಿ. ಇದು ನಮ್ಮ ಜಯಧರ ಅಲ್ಲ." ಮಳೆಯಾಶ್ರಿತ ಎರೆ ಭೂಮಿಯಲ್ಲಿ ಬೆಳೆಯುವ ಗಿಡ್ಡ ಎಳೆಯ ದೇಸಿ ಹತ್ತಿ ಜಯಧರ; ಅವರ ಗಂಡನ ಮನೆಯವರು ಅದನ್ನೇ ಬಹುಕಾಲ ಬೆಳೆದವರಂತೆ. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಉದ್ದ ಎಳೆಯ ವರಲಕ್ಷ್ಮಿ ತಳಿಯನ್ನು ಹತ್ತಿ ವಿಜ್ಞಾನಿ ಡಾ. ಕಟರಕಿಯವರು 1972ರಲ್ಲಿ ಹೊರತಂದದ್ದೂ ಇದೇ ಧಾರವಾಡ ಸೀಮೆಯಲ್ಲಿ. ನೂಲನ್ನು ಬಣ್ಣ ನೋಡಿ ಕೊಂಡಿದ್ದ ನನಗೆ, ಎಳೆಯ ಉದ್ದ ನೋಡುವ ಕೈಯನ್ನು ಕಂಡು ಸ್ವಲ್ಪ ನಾಚಿಕೆಯಾಯಿತು.

ಮಾತಿನ ಭರದಲ್ಲಿ ಒಂದು ಕುಣಿಕೆ ಜಾರಿತ್ತು. ಬಾದಾಮಿ ದಾಟಿದ ಮೇಲೆ ಎಣಿಸಿದರೆ 197. ದಿನವಿಡೀ ಇತರರ ಲೆಕ್ಕದಲ್ಲಿ ವ್ಯತ್ಯಾಸ ಹುಡುಕುವವಳಿಗೆ ಇದು ತಕ್ಕ ಶಾಸ್ತಿ. ಉಣ್ಣೆಯಾಗಿದ್ದರೆ ಜಾರಿದ ಕುಣಿಕೆ ಅಕ್ಕಪಕ್ಕದವನ್ನು ಕಚ್ಚಿಕೊಂಡು ನಿಲ್ಲುತ್ತಿತ್ತು. ನುಣುಪಾದ ಹತ್ತಿಯಾದ್ದರಿಂದ ಏಳು ಸುತ್ತು ಕೆಳಕ್ಕೆ ಇಳಿದು, ಏಣಿಯ ಮೆಟ್ಟಿಲುಗಳಂತೆ ಅಡ್ಡ ದಾರಗಳನ್ನು ಬಿಟ್ಟಿತ್ತು. ಕ್ರೋಶಾ ಕಡ್ಡಿ ತಂದಿರಲಿಲ್ಲ. ಹೇರ್‌ಪಿನ್ನಿನ ತುದಿಯನ್ನು ಬಾಗಿಸಿ, ಒಂದೊಂದೇ ಮೆಟ್ಟಿಲನ್ನು ಕುಣಿಕೆಯೊಳಗಿಂದ ಎಳೆದು ಮೇಲೆ ಹತ್ತಿಸುವಷ್ಟರಲ್ಲಿ ಬಾಗಲಕೋಟೆ ಬಂತು.

ದೊಡ್ಡ ತಪ್ಪು ಮಾಡಿದ್ದು ವಿಜಯಪುರದಲ್ಲಿ. ಒಂದು ಬೆಳಗ್ಗೆ ಶಾಖೆ ತೆರೆಯುವ ಮೊದಲು ಗೋಲಗುಮ್ಮಟಕ್ಕೆ ಹೋಗಿ, ಚೌಕ ಗೋಡೆಗಳ ಮೇಲೆ ಒಂದನ್ನೊಂದು ಹಾಯುವ ಕಮಾನುಗಳು ದುಂಡು ಗುಮ್ಮಟವನ್ನು ಹೊತ್ತ ಬಗೆಯನ್ನು ಕತ್ತು ನೋಯುವವರೆಗೆ ನೋಡಿ ಬಂದೆ. ದುಂಡು ಕುತ್ತಿಗೆಯಿಂದ ಮೂಲೆಗಳನ್ನು ತೆಗೆಯುವ ನನ್ನ ರಾಗ್ಲನ್ ಅದರ ತಿರುಗುಮುರುಗು ಎಂದು ಹಿಗ್ಗಿ, ಆ ಉತ್ಸಾಹದಲ್ಲೇ ಅಂದು ರಾತ್ರಿ 34 ಸೆಂಟಿಮೀಟರ್ ಮುಗಿದಿದ್ದ ಮೈಭಾಗವನ್ನು ದಾರಕ್ಕೆ ಪೋಣಿಸಿ, ಬಕೆಟ್ಟಿನಲ್ಲಿ ನೆನೆಸಿ ಹಿಂಡಿ, ಹ್ಯಾಂಗರಿಗೆ ಹಾಕಿ ಫ್ಯಾನಿನ ಕೆಳಗೆ ತೂಗುಬಿಟ್ಟೆ. ಬೆಳಗ್ಗೆ ಅಳೆದಾಗ 39 ಇತ್ತು. ಉಣ್ಣೆಯ ಎಳೆಗೆ ಹುಟ್ಟು ಗುಂಗುರು ಇರುವುದರಿಂದ ಎಳೆದರೂ ಮರಳುತ್ತದೆ. ಹತ್ತಿಗೆ ಆ ಗುಣವಿಲ್ಲ, ನೀರು ಕುಡಿದರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅದೇ ನೂಲಿನಿಂದ ಹೆಣೆದ ಸಣ್ಣ ಮಾದರಿ ತುಂಡನ್ನು ಮೊದಲೇ ಒಗೆದು, ಹರಡಿ ಒಣಗಿಸಿ ಅಳೆಯಬೇಕೆಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಸೋಮಾರಿತನ, ಅಷ್ಟೇ.

ಹದಿನೈದು ಸುತ್ತು, ಅಂದರೆ ಸುಮಾರು 3000 ಕುಣಿಕೆ ಬಿಚ್ಚಿದೆ. ಬಿಚ್ಚಿದ ನೂಲನ್ನು ನೀರಿನ ಬಾಟಲಿಗೆ ಸುತ್ತಿಟ್ಟು, ಮರುದಿನ ಅಂಚಿನ ಪಟ್ಟಿಯನ್ನು ಹೆಣೆದು ಮೈಭಾಗ ಮುಗಿಸಿದೆ. ಬಲದೋಳು ಲಾಡ್ಜಿನಲ್ಲೂ ಎಡದೋಳು ಹಿಂದಿರುಗುವ ರೈಲಿನಲ್ಲೂ ಆದವು. ತುಮಕೂರು ದಾಟುವಾಗ ಕೊನೆಯ ಕುಣಿಕೆ ಮುಚ್ಚಿ ದಾರ ಕತ್ತರಿಸಿದಾಗ, ಆರನೆಯ ಉಂಡೆಯಲ್ಲಿ ನೆಲ್ಲಿಕಾಯಿ ಗಾತ್ರದಷ್ಟು ನೂಲು ಮಿಕ್ಕಿತ್ತು.

ಈಗ ಅದನ್ನು ಮತ್ತೆ ಒಗೆದು, ಟವೆಲಿನಲ್ಲಿ ಸುರುಳಿ ಸುತ್ತಿ ನೀರು ಹೀರಿಸಿ, ಮಹಡಿಯ ನೆರಳಿನಲ್ಲಿ ಚಾಪೆಯ ಮೇಲೆ ಹರಡಿದ್ದೇನೆ. ಅಳೆಯುವ ಟೇಪು ಪಕ್ಕದಲ್ಲೇ ಇದೆ.