‘ವಿದೇಶಿ ಕೈವಾಡ’ ಎಂದು ಬರೆಯುವ ಮುನ್ನ

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾನು ಬರೆದ ಎರಡು ಪುಟಗಳ ವರದಿಯಿಂದಾಗಿ 41 ಮಂದಿ, ತಮ್ಮ ದೇಶದ ಚುನಾವಣೆಗೆ ಹನ್ನೊಂದು ದಿನ ಉಳಿದಿರುವಾಗ, ಸಾಮಾಜಿಕ ಜಾಲತಾಣದಲ್ಲಿ ಬಾಯಿ ತೆರೆಯಲಾಗದಂತಾಯಿತು. ಆ ಖಾತೆಗಳು ವಿದೇಶಿ ಜಾಲವೊಂದಕ್ಕೆ ಸೇರಿರುವ ಬಲವಾದ ಶಂಕೆಯಿದೆ ಎಂದು ನಾನು ಬರೆದಿದ್ದೆ. ಅವರೆಲ್ಲರೂ ಅದೇ ದೇಶದ ಪ್ರಜೆಗಳು, ಮತದಾರರು. ಈ ವಿಷಯವನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಾಚಿಕೆಯಿಂದ ಮುಂದೂಡುತ್ತ ಬಂದಿದ್ದೆ.

ಜಾಲತಾಣ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಪರಿಶೀಲನೆ ಮಾಡಿಕೊಡುವ ಸಂಸ್ಥೆಯೊಂದರಲ್ಲಿ, ಚುನಾವಣೆಯ ಸಮಯದಲ್ಲಿ ಸಂಶಯಕ್ಕೊಳಗಾದ ಖಾತೆಗಳನ್ನು ನೋಡುವ ತಂಡದಲ್ಲಿದ್ದೇನೆ. ಪೋಸ್ಟಿನಲ್ಲಿರುವ ಮಾತು ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದೇ ನಮ್ಮ ಕೆಲಸವೆಂದು ಪರಿಚಿತರು ಭಾವಿಸುತ್ತಾರೆ. ಅದನ್ನು ಬೇರೆ ತಂಡ ನೋಡಿಕೊಳ್ಳುತ್ತದೆ. ಮಾತನಾಡುತ್ತಿರುವವರು ತಾವು ಯಾರೆಂದು ಹೇಳಿಕೊಂಡಿದ್ದಾರೋ ಅವರೇ ಹೌದೇ, ಬೇರೆ ಬೇರೆ ಹೆಸರುಗಳ ಹಿಂದೆ ಒಂದೇ ಕೈ ಇದೆಯೇ ಎಂಬುದಷ್ಟೇ ನಮ್ಮ ಮುಂದಿರುವ ಪ್ರಶ್ನೆ. ಪೂರ್ತಿ ನಿಜವಾದ ಮಾತನ್ನೇ ನೂರು ಸುಳ್ಳು ಹೆಸರುಗಳಲ್ಲಿ ಹರಡಿದರೂ ಅದು ನಮ್ಮ ಮೇಜಿಗೆ ಬರುತ್ತದೆ. ಶುದ್ಧ ಸುಳ್ಳನ್ನು ಒಬ್ಬ ವ್ಯಕ್ತಿ ತನ್ನ ಸ್ವಂತ ಹೆಸರಿನಲ್ಲಿ ಬರೆದರೆ ಬರುವುದಿಲ್ಲ.

ತರಬೇತಿಯ ಮೊದಲ ವಾರ ನಮಗೆ ಓದಲು ಕೊಟ್ಟದ್ದು, ಅಮೆರಿಕದ ವಿಶೇಷ ತನಿಖಾಧಿಕಾರಿಯಾಗಿದ್ದ ರಾಬರ್ಟ್ ಮುಲ್ಲರ್ ಅವರ ತಂಡ 2016ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಹಸ್ತಕ್ಷೇಪ ಮಾಡಿದರೆಂದು 2018ರ ಫೆಬ್ರುವರಿಯಲ್ಲಿ 13 ರಷ್ಯನ್ನರು ಮತ್ತು 3 ಸಂಸ್ಥೆಗಳ ಮೇಲೆ ಸಲ್ಲಿಸಿದ ಆರೋಪಪಟ್ಟಿಯನ್ನು. ಬೇಹುಗಾರಿಕೆಯ ರೋಚಕ ಕಥೆಯನ್ನು ನಿರೀಕ್ಷಿಸಿದ್ದ ನನಗೆ ಅದರಲ್ಲಿ ಕಂಡದ್ದು ಒಂದು ಸಾಧಾರಣ ಕಚೇರಿ. ಸೇಂಟ್ ಪೀಟರ್ಸ್‌ಬರ್ಗ್‌ನ ಇಂಟರ್‌ನೆಟ್ ರಿಸರ್ಚ್ ಏಜೆನ್ಸಿ ಎಂಬ, ಅಮೆರಿಕನ್ನರ ಸೋಗಿನಲ್ಲಿ ಪೋಸ್ಟು ಹಾಕುತ್ತಿದ್ದ ಕಂಪನಿಯಲ್ಲಿ ನೌಕರರಿಗೆ ಹಗಲು ಪಾಳಿ ಮತ್ತು ರಾತ್ರಿ ಪಾಳಿಗಳಿದ್ದವು, ಏಕೆಂದರೆ ಪೋಸ್ಟುಗಳು ಅಮೆರಿಕದ ಗಡಿಯಾರಕ್ಕೆ ಹೊಂದಬೇಕಿತ್ತು. ಅಮೆರಿಕನ್ನರು ಹಬ್ಬದ ದಿನ ಏನು ಬರೆಯುತ್ತಾರೋ ಅದನ್ನೇ ಬರೆಯಲೆಂದು ಅಲ್ಲಿನ ರಜಾದಿನಗಳ ಪಟ್ಟಿಯನ್ನು ಹಂಚಲಾಗಿತ್ತು. ಹಿಲರಿ ಕ್ಲಿಂಟನ್ ಅವರನ್ನು ಟೀಕಿಸುವ ಪೋಸ್ಟುಗಳು ಕಡಿಮೆಯಾದವೆಂದು ಒಂದು ಪುಟವನ್ನು ನೋಡಿಕೊಳ್ಳುತ್ತಿದ್ದ ನೌಕರರಿಗೆ ಮೇಲಿನವರಿಂದ ಆಕ್ಷೇಪ ಬಂದಿತ್ತು. ಹಲವು ದೇಶಗಳ ಕಡೆ ಗುರಿಯಿಟ್ಟಿದ್ದ ಇಡೀ ಯೋಜನೆಯ ತಿಂಗಳ ವೆಚ್ಚ 2016ರ ಸೆಪ್ಟೆಂಬರ್ ಹೊತ್ತಿಗೆ 12.5 ಲಕ್ಷ ಡಾಲರ್ ದಾಟಿತ್ತು. ಇನ್ನೊಂದು ದೇಶದ ಚುನಾವಣೆಗೆ ಕೈ ಹಾಕುವ ಕೆಲಸವೂ ಕೊನೆಗೆ ಹಾಜರಿ, ಪಾಳಿ, ಗುರಿ, ಬೈಗುಳಗಳಿಂದಲೇ ನಡೆಯುತ್ತದೆಂಬುದು ಅಂದು ನನಗೆ ಒಂದು ಬಗೆಯ ಧೈರ್ಯವನ್ನೇ ಕೊಟ್ಟಿತು. ಕಚೇರಿಯೆಂದ ಮೇಲೆ ಅದಕ್ಕೊಂದು ವೇಳಾಪಟ್ಟಿ ಇರುತ್ತದೆ, ವೇಳಾಪಟ್ಟಿ ಇದ್ದರೆ ಅದರ ಗುರುತು ಉಳಿಯುತ್ತದೆ ಎಂದುಕೊಂಡೆ.

ಅದೇ ಕಚೇರಿಯ ಇನ್ನೊಂದು ಪ್ರಸಂಗವನ್ನು ಹೊಸಬರಿಗೆ ನಾನೀಗ ಮೊದಲು ಹೇಳುತ್ತೇನೆ. 2016ರ ಮೇ 21ರಂದು ಹ್ಯೂಸ್ಟನ್ ನಗರದ ಇಸ್ಲಾಮಿಕ್ ಕೇಂದ್ರವೊಂದರ ಎದುರು ಎರಡು ಗುಂಪುಗಳು ಸೇರಿದವು. ‘ಹಾರ್ಟ್ ಆಫ್ ಟೆಕ್ಸಸ್’ ಎಂಬ ಫೇಸ್‌ಬುಕ್ ಪುಟ ಒಂದು ಗುಂಪನ್ನು ವಿರೋಧಕ್ಕೆ ಕರೆದಿತ್ತು, ‘ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ’ ಎಂಬ ಪುಟ ಮತ್ತೊಂದು ಗುಂಪನ್ನು ಬೆಂಬಲಕ್ಕೆ ಕರೆದಿತ್ತು. ಎರಡೂ ಪುಟಗಳನ್ನು ನಡೆಸುತ್ತಿದ್ದದ್ದು ಒಂದೇ ಕಚೇರಿ. ಅದಕ್ಕೆ ತಗಲಿದ ಜಾಹೀರಾತು ವೆಚ್ಚ ಸುಮಾರು 200 ಡಾಲರ್ ಎಂದು ಮರುವರ್ಷ ಸೆನೆಟ್ ಸಮಿತಿಯ ವಿಚಾರಣೆಯಲ್ಲಿ ಹೇಳಲಾಯಿತು. ರಸ್ತೆಯ ಎರಡು ಬದಿಗಳಲ್ಲಿ ನಿಂತು ಪರಸ್ಪರ ಕೂಗಾಡಿದವರು ಮಾತ್ರ ನಿಜವಾದ ಮನುಷ್ಯರು, ಅವರ ಸಿಟ್ಟೂ ನಿಜವಾದದ್ದು. ಈ ಕೊನೆಯ ಮಾತಿನ ತೂಕ ಓದುವಾಗ ನನಗೆ ತಿಳಿದಿರಲಿಲ್ಲ.

ಈಗ ನನ್ನ ತಪ್ಪಿನ ವಿಷಯ. ಆ ಚುನಾವಣೆಯ ಸಮಯದಲ್ಲಿ ಒಂದು ರಾತ್ರಿ, ಸುಮಾರು ಹನ್ನೆರಡು ನಿಮಿಷಗಳ ಅವಧಿಯಲ್ಲಿ, 41 ಖಾತೆಗಳು ಒಂದೇ ಪ್ಯಾರಾವನ್ನು ಹಾಕಿದವು. ಅದರಲ್ಲಿದ್ದ ಅಕ್ಷರದೋಷವೂ ಎಲ್ಲೆಡೆ ಒಂದೇ ಆಗಿತ್ತು. ಬಹುತೇಕ ಖಾತೆಗಳ ಲಾಗಿನ್ ಬೇರೊಂದು ದೇಶದಿಂದ ಆಗುತ್ತಿತ್ತು, ಕೆಲವು, ಇರುವ ಜಾಗವನ್ನು ಮರೆಮಾಚುವ ವಿಪಿಎನ್ ಬಳಸುತ್ತಿದ್ದವು. ಅವರು ಬರೆಯುತ್ತಿದ್ದ ಹೊತ್ತಿನ ನಕ್ಷೆ ತೆಗೆದು ನೋಡಿದರೆ, ತಾಯ್ನಾಡಿನ ಮಧ್ಯರಾತ್ರಿಯ ನಂತರ ಚಟುವಟಿಕೆ ಏರಿ, ವಾರದಲ್ಲಿ ಒಂದು ದಿನ ಮಾತ್ರ ಉಳಿದ ದಿನಗಳಿಗಿಂತ ಹೆಚ್ಚಾಗಿ ಕಾಣುತ್ತಿತ್ತು. ತರಬೇತಿಯಲ್ಲಿ ಕಲಿತ ಲಕ್ಷಣಗಳೆಲ್ಲ ಒಂದರ ಪಕ್ಕದಲ್ಲೊಂದು ಬಂದು ಕುಳಿತಂತಿತ್ತು. ಪಾಳಿ ಇದೆ, ಒಂದೇ ಮೂಲದ ಬರಹ ಇದೆ, ಮರೆಮಾಚಿದ ವಿಳಾಸ ಇದೆ. ಸಂಜೆಯೊಳಗೆ ವರದಿ ಮುಗಿಸಿದೆ. ಎರಡನೆಯ ಸಹಿ ಹಾಕಬೇಕಾದ ಸಹೋದ್ಯೋಗಿ ನನ್ನ ತೀರ್ಮಾನವನ್ನು ಓದಿದರೇ ಹೊರತು ಖಾತೆಗಳನ್ನು ತೆರೆದು ನೋಡಲಿಲ್ಲ. ನಾನು ಅವರ ಜಾಗದಲ್ಲಿದ್ದರೂ ಬಹುಶಃ ಹಾಗೆಯೇ ಮಾಡುತ್ತಿದ್ದೆ, ಆ ವಾರದ ಒತ್ತಡ ಹಾಗಿತ್ತು.

ಅವರು ದುಡಿಮೆಗಾಗಿ ಹೊರದೇಶಕ್ಕೆ ಹೋಗಿದ್ದ ಕಾರ್ಮಿಕರು. ಊರಿನಲ್ಲಿ ಮಧ್ಯರಾತ್ರಿ ಕಳೆದ ಮೇಲೆ ಅವರ ಕೆಲಸ ಮುಗಿದು ಬಿಡುವು ಸಿಗುತ್ತಿತ್ತು, ವಾರದ ಆ ಒಂದು ದಿನ ಅವರ ರಜೆ. ಆ ದೇಶದಲ್ಲಿ ಕೆಲವು ಆ್ಯಪ್‌ಗಳಿಗೆ ನಿರ್ಬಂಧ ಇದ್ದುದರಿಂದ ವಿಪಿಎನ್ ಬಳಸುತ್ತಿದ್ದರು. ವಿದೇಶದಲ್ಲಿರುವವರ ಮತದ ಹಕ್ಕಿನ ಕುರಿತು ಅವರ ಸಂಘದ ಕಾರ್ಯದರ್ಶಿ ಒಂದು ಪ್ಯಾರಾ ಬರೆದು ಅದನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಳುಹಿಸಿ, ಎಲ್ಲರೂ ಇದನ್ನು ಹಾಕಿರೆಂದು ಕೇಳಿಕೊಂಡಿದ್ದರು. ತಪ್ಪಾದ ಆ ಅಕ್ಷರ ಅವರ ಬೆರಳಿನದು. ಮೇಲ್ಮನವಿ ಬಂದು, ವಿಚಾರಣೆಯಾಗಿ, ಖಾತೆಗಳು ಮರಳಿ ತೆರೆಯುವಷ್ಟರಲ್ಲಿ ಮತದಾನ ಮುಗಿದಿತ್ತು. ಅವರ ಪತ್ರದಲ್ಲಿ ಕ್ಷಮೆ ಕೇಳಬೇಕೆಂಬ ಬೇಡಿಕೆ ಇರಲಿಲ್ಲ. ಅಳಿಸಿಹೋದ ಪೋಸ್ಟುಗಳನ್ನು ಹಿಂದಿರುಗಿಸಿ ಎಂದಷ್ಟೇ ಕೇಳಿದ್ದರು, ಅವುಗಳಲ್ಲಿ ಕೆಲವನ್ನು ಹಿಂದಿರುಗಿಸಲಾಗಲಿಲ್ಲ.

ನಮ್ಮ ತಂಡದ ಹಿರಿಯ ಪರಿಶೀಲಕಿ ನನ್ನ ವರದಿಯನ್ನು ನನ್ನೆದುರಿಗೇ ಇನ್ನೊಮ್ಮೆ ಓದಿದರು. ಗದರಲಿಲ್ಲ. “ಇವರು ಎಲ್ಲಿಂದ ಬರೆಯುತ್ತಿದ್ದಾರೆ ಅಂತ ಬರೆದಿದ್ದೀರಿ. ಯಾರು ಹೇಳಿ ಬರೆಸುತ್ತಿದ್ದಾರೆ ಅನ್ನೋದು ಯಾವ ಸಾಲಿನಲ್ಲಿದೆ?” ಎಂದರು. ಅಂಥ ಸಾಲು ಇರಲಿಲ್ಲ. “ಮೇಡಂ, ಲಕ್ಷಣಗಳೆಲ್ಲ ಹೊಂದುತ್ತಿದ್ದವು” ಎಂದೆ. “ಸಂಘಟನೆ ಮಾಡಿದವರಿಗೂ ಅದೇ ಲಕ್ಷಣಗಳು ಇರುತ್ತವಲ್ಲ” ಎಂದು ಹೇಳಿ ಕಡತ ಮುಚ್ಚಿದರು.

ಆ ಪ್ರಶ್ನೆಯನ್ನಿಟ್ಟುಕೊಂಡು ಹಳೆಯ ಪ್ರಕರಣಗಳನ್ನು ಮತ್ತೆ ಓದತೊಡಗಿದಾಗ, ಸ್ಥಳವೆಂಬ ಸಾಕ್ಷ್ಯ ಎಷ್ಟು ದುರ್ಬಲವೆಂಬುದು ಎರಡೂ ಕಡೆಯಿಂದ ಕಾಣಿಸಿತು. 2020ರ ಮಾರ್ಚ್‌ನಲ್ಲಿ ಫೇಸ್‌ಬುಕ್ ತೆಗೆದುಹಾಕಿದ ಜಾಲವೊಂದು ಅಮೆರಿಕನ್ನರನ್ನು ಗುರಿಯಾಗಿಸಿತ್ತು, ಅದನ್ನು ನಡೆಸುತ್ತಿದ್ದವರು ಘಾನಾ ಮತ್ತು ನೈಜೀರಿಯಾದ ಸ್ಥಳೀಯರು, ನಡೆಸುತ್ತಿದ್ದದ್ದು ರಷ್ಯಾದಲ್ಲಿರುವವರ ಪರವಾಗಿ. ಆ ಸ್ಥಳೀಯರಲ್ಲಿ ಕೆಲವರಿಗೆ ತಾವು ಯಾರಿಗಾಗಿ ದುಡಿಯುತ್ತಿದ್ದೇವೆಂಬುದೇ ತಿಳಿದಿರಲಿಲ್ಲ. ಅದೇ ವರ್ಷ ಬೆಳಕಿಗೆ ಬಂದ, ರಷ್ಯಾದ ನಂಟಿದ್ದ ‘ಪೀಸ್ ಡೇಟಾ’ ಎಂಬ ಸುದ್ದಿತಾಣ ನಿಜವಾದ ಹವ್ಯಾಸಿ ಪತ್ರಕರ್ತರಿಂದ ಲೇಖನ ಬರೆಸುತ್ತಿತ್ತು, ಸಂಪಾದಕರ ಹೆಸರು ಮತ್ತು ಮುಖಗಳು ಮಾತ್ರ ನಕಲಿ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ, ರಷ್ಯಾದ ಸರ್ಕಾರಿ ವಾಹಿನಿ ಆರ್‌ಟಿಯ ಇಬ್ಬರು ನೌಕರರು ಅಮೆರಿಕದ ವಿಡಿಯೊ ಕಂಪನಿಯೊಂದಕ್ಕೆ ಸುಮಾರು 1 ಕೋಟಿ ಡಾಲರ್ ಹರಿಸಿದರೆಂದು ಆರೋಪ ಹೊರಿಸಿತು. ಅಲ್ಲಿ ಮಾತನಾಡುತ್ತಿದ್ದವರಲ್ಲಿ ಬಹುತೇಕರು ಅಮೆರಿಕದ ಪ್ರಜೆಗಳು, ತಮ್ಮದೇ ಹೆಸರು, ತಮ್ಮದೇ ಮುಖ. ನನ್ನ ಅಂದಿನ ಅಳತೆಗೋಲಿನಲ್ಲಿ ಈ ಮೂರನೆಯವರು ಸಲೀಸಾಗಿ ಪಾರಾಗುತ್ತಿದ್ದರು, ಆ ಕಾರ್ಮಿಕರು ಮಾತ್ರ ಸಿಕ್ಕಿಬೀಳುತ್ತಿದ್ದರು. ರಷ್ಯಾದ ಹೆಸರೇ ಹೆಚ್ಚಾಗಿ ಬರುವುದಕ್ಕೆ ಅದರ ದಾಖಲೆಗಳು ಹೆಚ್ಚು ಬಯಲಾಗಿರುವುದೂ ಒಂದು ಕಾರಣ. ಚೀನಾ, ಇರಾನ್‌ಗಳ ಜಾಲಗಳೂ ಸಿಕ್ಕಿವೆ. ಅಮೆರಿಕದ ಸೇನೆಯೊಂದಿಗೆ ಸಂಬಂಧವಿದ್ದವರು ನಡೆಸುತ್ತಿದ್ದ ಜಾಲವನ್ನು ತೆಗೆದುಹಾಕಿದ್ದಾಗಿ 2022ರಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯೇ ಹೇಳಿತು.

ಈ ಕಸುಬು ಜಾಲತಾಣಗಳಿಗಿಂತ ಹಳೆಯದು. ಏಡ್ಸ್ ವೈರಸ್ಸನ್ನು ಅಮೆರಿಕದ ಸೇನೆಯೇ ತಯಾರಿಸಿತೆಂಬ ಸುಳ್ಳನ್ನು ಹೊತ್ತ, ಸೋವಿಯತ್ ಗುಪ್ತಚರರೇ ಬಿತ್ತಿದ್ದೆನ್ನಲಾದ ಅನಾಮಧೇಯ ಪತ್ರವೊಂದು 1983ರ ಜುಲೈನಲ್ಲಿ ದೆಹಲಿಯ ‘ಪೇಟ್ರಿಯಟ್’ ಪತ್ರಿಕೆಯಲ್ಲಿ ಬಂತು. 1985ರಲ್ಲಿ ಸೋವಿಯತ್ ವಾರಪತ್ರಿಕೆಯೊಂದು ಅದನ್ನೇ ಆಧಾರವಾಗಿ ತೋರಿಸಿ ಲೇಖನ ಪ್ರಕಟಿಸಿತು, 1987ರ ಹೊತ್ತಿಗೆ ಅದು ಹತ್ತಾರು ದೇಶಗಳ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತ್ತು. ಹಿಂದೆ ನಾಲ್ಕು ವರ್ಷ ಹಿಡಿದ ಆ ಪಯಣಕ್ಕೆ ಈಗ ಒಂದು ಮಧ್ಯಾಹ್ನ ಸಾಕಾಗಬಹುದು. ತಾನು ಬಿತ್ತಿದ್ದನ್ನು ಬೇರೆಯವರ ಬಾಯಿಂದ ಕೇಳಿಸಿ, ಅದನ್ನೇ ಪುರಾವೆಯೆಂದು ತೋರಿಸುವ ವಿಧಾನ ಮಾತ್ರ ಹಾಗೆಯೇ ಉಳಿದಿದೆ.

ನನ್ನ ತಪ್ಪು ಸಣ್ಣ ಅಳತೆಯದಾಗಿತ್ತು. ಅದೇ ಬಗೆಯ ಇಕ್ಕಟ್ಟಿಗೆ ಒಂದು ದೇಶವೇ ಸಿಲುಕಿದ್ದನ್ನು 2024ರಲ್ಲಿ ರೊಮೇನಿಯಾದಲ್ಲಿ ಕಂಡೆವು. ನವೆಂಬರ್ 24ರಂದು ನಡೆದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ, ಪ್ರಚಾರಕ್ಕೆ ಒಂದು ಕಾಸೂ ಖರ್ಚು ಮಾಡಿಲ್ಲವೆಂದು ಘೋಷಿಸಿಕೊಂಡಿದ್ದ ಕಲಿನ್ ಜಾರ್ಜೆಸ್ಕು ಯಾರೂ ಎಣಿಸದ ರೀತಿಯಲ್ಲಿ ಮುಂದೆ ಬಂದರು. ಸುಮಾರು 25,000 ಟಿಕ್‌ಟಾಕ್ ಖಾತೆಗಳು ಮತದಾನಕ್ಕೆ ಮುಂಚಿನ ಎರಡು ವಾರಗಳಲ್ಲಿ ತೀವ್ರವಾಗಿ ಚುರುಕಾಗಿದ್ದವೆಂದು ಬಹಿರಂಗಗೊಂಡ ಗುಪ್ತಚರ ದಾಖಲೆಗಳು ಹೇಳಿದವು. ಡಿಸೆಂಬರ್ 6ರಂದು ಸಂವಿಧಾನ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದುಪಡಿಸಿತು. ಆ ಹೊತ್ತಿಗೆ ಹೊರದೇಶಗಳಲ್ಲಿದ್ದ ರೊಮೇನಿಯನ್ನರು ಎರಡನೆಯ ಸುತ್ತಿಗೆ ಮತ ಹಾಕಲು ಆರಂಭಿಸಿಬಿಟ್ಟಿದ್ದರು. ಆ ಸುದ್ದಿ ಓದುವಾಗ ನನಗೆ ನೆನಪಾದದ್ದು ಆ 41 ಮಂದಿ. ಕೆಲವೇ ದಿನಗಳಲ್ಲಿ, ಜಾರ್ಜೆಸ್ಕು ಅವರಿಗೆ ನೆರವಾದ ಒಂದು ಹ್ಯಾಷ್‌ಟ್ಯಾಗ್ ಪ್ರಚಾರಕ್ಕೆ ಹಣ ಕೊಟ್ಟದ್ದು ದೇಶದೊಳಗಿನದೇ ಒಂದು ಪಕ್ಷವೆಂದು ಅಲ್ಲಿನ ತನಿಖಾ ಪತ್ರಕರ್ತರು ವರದಿ ಮಾಡಿದರು. ನ್ಯಾಯಾಲಯ ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳುವ ಅರ್ಹತೆ ನನಗಿಲ್ಲ. ಸುಮ್ಮನಿದ್ದರೆ ಚುನಾವಣೆಯ ಮೇಲೆ ಅಪನಂಬಿಕೆ, ಕೈ ಹಾಕಿದರೂ ಅದೇ ಅಪನಂಬಿಕೆ ಎಂಬ ಸ್ಥಿತಿಗೆ ತಂದು ನಿಲ್ಲಿಸುವುದೇ ಇಂಥ ಜಾಲಗಳ ದೊಡ್ಡ ಗೆಲುವೆಂದು ಮಾತ್ರ ಅನ್ನಿಸುತ್ತದೆ.

ಹೀಗನ್ನಿಸುವುದಕ್ಕೆ ಕಾರಣವಿದೆ. 2016ರ ರಷ್ಯನ್ ಟ್ವಿಟರ್ ಖಾತೆಗಳ ಕುರಿತು 2023ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆ ಪೋಸ್ಟುಗಳು ಕಣ್ಣಿಗೆ ಬಿದ್ದ ಪ್ರಮಾಣದಲ್ಲಿ ಶೇ 70ರಷ್ಟು ಕೇವಲ ಶೇ 1ರಷ್ಟು ಬಳಕೆದಾರರಿಗೆ ಸೇರಿತ್ತು, ನೋಡಿದವರ ನಿಲುವಾಗಲಿ ಮತವಾಗಲಿ ಅದರಿಂದ ಬದಲಾದ ಗುರುತು ಅಧ್ಯಯನಕಾರರಿಗೆ ಸಿಗಲಿಲ್ಲ. ಒಂದು ತಾಣದ, ಒಂದು ಚುನಾವಣೆಯ ಲೆಕ್ಕವದು, ಅದನ್ನು ಎಲ್ಲೆಡೆಗೂ ಹಿಗ್ಗಿಸಬಾರದು. ಆದರೆ ಈ ಜಾಲಗಳನ್ನು ನಡೆಸುವವರಿಗೂ ಈ ಮಿತಿ ಗೊತ್ತಿರುವಂತಿದೆ. 2018ರ ನವೆಂಬರ್‌ನಲ್ಲಿ, ಅಮೆರಿಕದ ಮಧ್ಯಂತರ ಚುನಾವಣೆಯ ಹೊತ್ತಿಗೆ, ತಾವೇ ಸೇಂಟ್ ಪೀಟರ್ಸ್‌ಬರ್ಗ್‌ನ ಆ ಏಜೆನ್ಸಿಯೆಂದು ಹೇಳಿಕೊಂಡ ಜಾಲತಾಣವೊಂದು ಇನ್‌ಸ್ಟಾಗ್ರಾಮ್ ಖಾತೆಗಳ ಪಟ್ಟಿಯನ್ನು ಪ್ರಕಟಿಸಿ, ತಮ್ಮ ಬಳಿ ಇಂಥವು ಇನ್ನೂ ಸಾವಿರಾರಿವೆ ಎಂದು ಜಂಬ ಕೊಚ್ಚಿಕೊಂಡಿತು. ಮತದಾರನ ಮನಸ್ಸನ್ನು ತಿರುಗಿಸುವುದಕ್ಕಿಂತ, ಪಕ್ಕದಲ್ಲಿ ಮಾತನಾಡುತ್ತಿರುವವನು ಮನುಷ್ಯನೇ ಹೌದೋ ಎಂಬ ಸಂಶಯವನ್ನು ಹುಟ್ಟಿಸುವುದು ಅಗ್ಗ. ನಾನು ನನ್ನ ವರದಿಯಿಂದ ಇಂಥ ಜಾಲದವರಿಗೆ ಬಿಟ್ಟಿಯಾಗಿ ಮಾಡಿಕೊಟ್ಟದ್ದು ಅದನ್ನೇ.

ಅಂದಿನಿಂದ ನನ್ನ ವರದಿಗಳು ಉದ್ದವಾಗಿವೆ, ತೀರ್ಮಾನದ ಸಾಲು ಮಾತ್ರ ಗಿಡ್ಡವಾಗಿದೆ. ಖಾತೆಗಳು ಒಟ್ಟಿಗೆ ನಡೆದಿವೆಯೇ ಎಂಬುದಕ್ಕೆ ಒಂದು ಉತ್ತರ, ಗುರುತನ್ನು ಮರೆಮಾಚಿವೆಯೇ ಎಂಬುದಕ್ಕೆ ಬೇರೆಯೇ ಉತ್ತರ, ಹೊರಗಿನವರ ಹಣ ಅಥವಾ ಆದೇಶ ಇದೆಯೇ ಎಂಬುದಕ್ಕೆ ಮತ್ತೊಂದು ಬರೆಯುತ್ತೇನೆ. ಒಂದರ ಸಾಕ್ಷ್ಯವನ್ನು ಇನ್ನೊಂದರ ಲೆಕ್ಕಕ್ಕೆ ಜಮಾ ಮಾಡುವುದಿಲ್ಲ. ಮೂರನೆಯದಕ್ಕೆ ಜಾಹೀರಾತಿನ ಪಾವತಿ, ಡೊಮೈನ್ ನೋಂದಣಿಯ ದಾಖಲೆ, ಇಂಥದ್ದು ಕೈಯಲ್ಲಿಲ್ಲದಿದ್ದರೆ ‘ವಿದೇಶಿ’ ಎಂಬ ಪದವನ್ನು ಬಳಸುವುದಿಲ್ಲ. ಕೊನೆಯ ಮೂರು ತಿಂಗಳ ಪೋಸ್ಟುಗಳಿಗಿಂತ ಮೊದಲ ಮೂರು ತಿಂಗಳ ಪೋಸ್ಟುಗಳನ್ನು ಹೆಚ್ಚು ಓದುತ್ತೇನೆ. ಆ ಕಾರ್ಮಿಕರ ಖಾತೆಗಳಲ್ಲಿ ಏಳೆಂಟು ವರ್ಷಗಳ ಹಿಂದಿನ ಮದುವೆಯ ಚಿತ್ರಗಳಿದ್ದವು, ಅವುಗಳ ಕೆಳಗೆ ಬಂಧುಗಳ ತಮಾಷೆಗಳಿದ್ದವು, ನಾನು ಅಷ್ಟು ಹಿಂದಕ್ಕೆ ಹೋಗಿರಲೇ ಇಲ್ಲ. ಎರಡನೆಯ ಸಹಿ ಹಾಕುವವರಿಗೆ ಈಗ ತೀರ್ಮಾನವನ್ನು ಕೊಡುವುದಿಲ್ಲ, ಖಾತೆಗಳ ಪಟ್ಟಿಯನ್ನಷ್ಟೇ ಕೊಡುತ್ತೇವೆ. ಇಬ್ಬರ ಉತ್ತರ ಬೇರೆಯಾದರೆ ಮೂರನೆಯವರಿಗೆ ಹೋಗುತ್ತದೆ.

ಕೆಲಸವೇನೂ ಸುಲಭವಾಗಿಲ್ಲ. ಯಾವ ಪೋಸ್ಟು ಎಷ್ಟು ಹರಡುತ್ತಿದೆಯೆಂದು ನೋಡಲು ಹೊರಗಿನ ಸಂಶೋಧಕರು ಮತ್ತು ಪತ್ರಕರ್ತರು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಸಾಧನವನ್ನು ಮೆಟಾ 2024ರ ಆಗಸ್ಟ್‌ನಲ್ಲಿ ಮುಚ್ಚಿತು, ನಮ್ಮ ತಪ್ಪನ್ನು ಹೊರಗಿನಿಂದ ಹಿಡಿದು ತೋರಿಸುತ್ತಿದ್ದ ಕಣ್ಣುಗಳು ಅಷ್ಟರಮಟ್ಟಿಗೆ ಕಡಿಮೆಯಾದವು. ಅಕ್ಷರದೋಷ, ಪದಶಃ ಅನುವಾದದ ವಾಸನೆ ಮುಂತಾದ ಹಳೆಯ ಸುಳಿವುಗಳನ್ನು ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ಒರೆಸಿಹಾಕುತ್ತಿವೆ. ಈಗ ಒಂದೇ ವಾದವನ್ನು ಐವತ್ತು ಬಗೆಯಲ್ಲಿ, ಐವತ್ತು ವಯಸ್ಸಿನವರ ಧಾಟಿಯಲ್ಲಿ ಬರೆಸಬಹುದು. ಒಂದೇ ಪ್ಯಾರಾವನ್ನು ತಪ್ಪಿನ ಸಮೇತ ನಕಲು ಮಾಡಿ ಹಾಕುವವರು ಇಂದು ನಿಜವಾದ ಮನುಷ್ಯರೇ ಆಗಿರುವ ಸಾಧ್ಯತೆ ಹೆಚ್ಚು. ಕಳೆದ ವಾರ ನನ್ನ ಮೇಜಿಗೆ ಬಂದ ಗುಂಪಿನಲ್ಲಿ 60 ಖಾತೆಗಳಿವೆ. ಯಾವ ಎರಡು ಪೋಸ್ಟುಗಳೂ ಒಂದೇ ರೀತಿ ಇಲ್ಲ, ಒಂದು ಅಕ್ಷರವೂ ತಪ್ಪಿಲ್ಲ, ಎಲ್ಲರೂ ತಾಯ್ನಾಡಿನಲ್ಲೇ ಇರುವಂತೆ ಕಾಣುತ್ತದೆ. ಯಾರ ಖಾತೆಯಲ್ಲೂ ಎರಡು ವರ್ಷಕ್ಕಿಂತ ಹಳೆಯ ಚಿತ್ರ ಒಂದೂ ಇಲ್ಲ. ಮೂರನೆಯ ಪ್ರಶ್ನೆಯ ಮುಂದೆ ‘ಸಾಕ್ಷ್ಯ ಸಿಕ್ಕಿಲ್ಲ’ ಎಂದು ಬರೆದು, ಪಾವತಿಯ ದಾಖಲೆಗಳನ್ನು ಕೇಳಿ ಕಳುಹಿಸಿದ್ದೇನೆ.